ಪ್ರಶ್ನೆ ಮೊದಲು, ಪುಸ್ತಕ ಆಮೇಲೆ



ನಾನು ಬೆಳೆದದ್ದು ಕೃಷ್ಣರಾಜಪುರದ ಮಗ್ಗುಲಿನ ದೂರವಾಣಿನಗರದಲ್ಲಿ, ಐಟಿಐ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ವಾತಂತ್ರ್ಯ ಬಂದ ಮೇಲೆ ದೇಶ ಕಟ್ಟಿದ ಮೊದಲ ಸರ್ಕಾರಿ ಉದ್ದಿಮೆ. ನಮ್ಮಪ್ಪ ಅಲ್ಲಿ ರಿಲೇಗಳನ್ನು ಹದಕ್ಕೆ ತರುವ ಕೆಲಸದಲ್ಲಿದ್ದರು. ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಅವರನ್ನು ಕೇಳಿದೆ: "ನಂಬರು ತಿರುಗಿಸಿದರೆ ಇಂಥ ಮನೆಗೇ ಹೋಗಬೇಕು ಅಂತ ತಂತಿಗೆ ಹೇಗಪ್ಪಾ ಗೊತ್ತಾಗುತ್ತೆ?"

ಅಪ್ಪ ಎಡಗೈ ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದು, ಬಲಗೈಯ ತೋರುಬೆರಳನ್ನು ಅದರ ಪಕ್ಕದಲ್ಲಿ ಮೆಲ್ಲಗೆ ಮೇಲಕ್ಕೆ ಏರಿಸಿ, ಆಮೇಲೆ ಮುಷ್ಟಿಯ ಸುತ್ತ ತಿರುಗಿಸಿದರು. "ಮೊದಲು ಹತ್ತುತ್ತೆ, ಆಮೇಲೆ ಸುತ್ತುತ್ತೆ" ಅಂದರು. ಅವರ ಕೈಗೆ ಎಲ್ಲವೂ ಗೊತ್ತಿತ್ತು. ಅದನ್ನು ಮಾತಿಗೆ ತರುವುದು ಅವರಿಗೆ ಒಗ್ಗಿರಲಿಲ್ಲ. ಶಾಲೆಯ ಪಾಠಪುಸ್ತಕದಲ್ಲಿ ಹುಡುಕಿದರೆ, 1876ರಲ್ಲಿ ಗ್ರಹಾಂ ಬೆಲ್ ಟೆಲಿಫೋನ್ ಕಂಡುಹಿಡಿದ ಎಂಬ ಒಂದೇ ಸಾಲು. ಹತ್ತುವುದೇನು, ಸುತ್ತುವುದೇನು?

ಉತ್ತರ ಸಿಕ್ಕಿದ್ದು ಹತ್ತು ವರ್ಷ ಕಳೆದ ಮೇಲೆ, ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಹಳೇ ಪುಸ್ತಕದಂಗಡಿಯಲ್ಲಿ. ರಟ್ಟು ಹರಿದ ಇಂಗ್ಲಿಷ್ ಪುಸ್ತಕ, ಎರಡು ರೂಪಾಯಿ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೋಜರ್ ಎಂಬ ಒಬ್ಬನಿದ್ದ. ಸತ್ತವರ ಅಂತ್ಯಕ್ರಿಯೆಗೆ ಏರ್ಪಾಡು ಮಾಡಿಕೊಡುವುದು ಅವನ ಕಸುಬು. ಆಗೆಲ್ಲ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರ್ ತಂತಿ ಜೋಡಿಸಿದರೆ ಮಾತು ಸಾಗುತ್ತಿತ್ತು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ತನ್ನ ಎದುರಾಳಿಯ ಕಡೆಗೆ ತಿರುಗಿಸುತ್ತಿದ್ದಾರೆ ಎಂಬ ಗುಮಾನಿ ಅವನಿಗೆ ಹತ್ತಿತು. ನಡುವೆ ಮನುಷ್ಯರೇ ಬೇಡ ಅಂತ ಒಂದು ಯಂತ್ರ ಮಾಡಿದ. 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆಮೇಲೆ ಬಂದ ಡಯಲ್ ಫೋನುಗಳಲ್ಲಿ ನಾವು ಏಳು ತಿರುಗಿಸಿ ಬಿಟ್ಟರೆ, ಬಿಲ್ಲೆ ವಾಪಸು ಬರುವಾಗ ವಿದ್ಯುತ್ತು ಏಳು ಸಲ ಕಡಿದು ಕೂಡುತ್ತದೆ. ಆ ಒಂದೊಂದು ಮಿಡಿತಕ್ಕೂ ಎಕ್ಸ್‌ಚೇಂಜಿನಲ್ಲಿ ಒಂದು ತೋಳು ಒಂದೊಂದು ಮೆಟ್ಟಿಲು ಏರುತ್ತದೆ. ಏಳನೇ ಮೆಟ್ಟಿಲಿನಲ್ಲಿ ನಿಂತು, ಅಡ್ಡಕ್ಕೆ ಸುತ್ತಿ, ಖಾಲಿ ಇರುವ ದಾರಿಯನ್ನು ಹಿಡಿಯುತ್ತದೆ. ಸೊನ್ನೆಗೆ ಹತ್ತು ಮಿಡಿತ. ಹತ್ತುತ್ತೆ, ಸುತ್ತುತ್ತೆ. ಅಂಗಡಿಯ ಬಾಗಿಲಲ್ಲೇ ನಿಂತು ಓದಿದ ನನಗೆ ಅಪ್ಪನ ಮುಷ್ಟಿ ಮತ್ತು ಬೆರಳು ಕಣ್ಣ ಮುಂದೆ ಬಂದವು.

ಆ ಪುಸ್ತಕವನ್ನು ಮನೆಗೆ ತಂದು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಸ್ಟ್ರೋಜರ್ ಎಂಬ ಹೆಸರನ್ನು ಅವರು ದಿನಾ ಕಾರ್ಖಾನೆಯಲ್ಲಿ ಕೇಳುತ್ತಿದ್ದರು. ಅದು ಒಬ್ಬ ಮನುಷ್ಯನ ಹೆಸರು ಎಂದು ಅವರಿಗೆ ಆವತ್ತೇ ತಿಳಿದದ್ದು. ಊಟ ಬಿಟ್ಟು ಎರಡನೇ ಸಲ ಹೇಳಿಸಿದರು.

ನಾನು ಹಲಸೂರಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿ ಮೂವತ್ತು ವರ್ಷ ಕೆಲಸ ಮಾಡಿದೆ. ಆ ವರ್ಷಗಳಲ್ಲಿ ತಂದೆತಾಯಿಗಳು ಪದೇ ಪದೇ ಕೇಳಿದ ಮಾತು, "ಸಾರ್, ಓದೋದಕ್ಕೆ ಒಳ್ಳೆ ಸೈನ್ಸ್ ಪುಸ್ತಕಗಳ ಒಂದು ಲಿಸ್ಟ್ ಕೊಡಿ." ಮೊದಮೊದಲು ಕೊಡುತ್ತಿದ್ದೆ. ಆಮೇಲೆ ನಿಲ್ಲಿಸಿದೆ. ಪಟ್ಟಿ ಹಿಡಿದು ಕೊಂಡ ಪುಸ್ತಕಗಳು ಷೋಕೇಸಿನಲ್ಲಿ ಕೂರುವುದನ್ನು ನೋಡಿದೆ. ಒಂದು ಪ್ರಶ್ನೆ ಹಿಡಿದು ಹೊರಟವನು ಮಾತ್ರ ಪುಸ್ತಕವನ್ನು ಕೊನೆಯ ಪುಟದವರೆಗೂ ಓದುತ್ತಾನೆ. ಈವತ್ತಿನ ಮಾತು ಅಂಥ ಹುಡುಕಾಟದ ಬಗ್ಗೆ.

ನಾವಿರುವ ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಒಂದೇ ಉದಾಹರಣೆ ಕೊಡುತ್ತೇನೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವಕ ದಂಡಿನ ವೈದ್ಯನಾಗಿ ಬೆಂಗಳೂರಿಗೆ ಬಂದ. ವಾಸಕ್ಕೆ ಸಿಕ್ಕ ಬಂಗಲೆ ಚೆನ್ನಾಗಿತ್ತು, ಆದರೆ ಸೊಳ್ಳೆಯ ಕಾಟ ವಿಪರೀತ. ನೋಡಿದರೆ ಕಿಟಕಿಯ ಹತ್ತಿರವೇ ಒಂದು ನೀರಿನ ತೊಟ್ಟಿ, ಅದರ ತುಂಬ ಹುಳ. ತೊಟ್ಟಿಯನ್ನು ಬೋರಲು ಹಾಕಿಸಿದ. ಸೊಳ್ಳೆ ಕಡಿಮೆಯಾಯಿತು. ಅಷ್ಟೇ ಸಂಗತಿ. ಆದರೆ ಸೊಳ್ಳೆಗೂ ನಿಂತ ನೀರಿಗೂ ಇರುವ ನಂಟು ಅವನ ತಲೆಯಲ್ಲಿ ಉಳಿಯಿತು. 1895ರಲ್ಲಿ ಅವನು ಕಾಲರಾ ಹತೋಟಿಯ ಕೆಲಸದ ಮೇಲೆ ಮತ್ತೆ ಇದೇ ಊರಿಗೆ ಬಂದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡ. 1902ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಕತೆಯನ್ನು ತರಗತಿಯಲ್ಲಿ ಹೇಳಿದ ಮರುದಿನ ಮಕ್ಕಳು ಹಲಸೂರಿನ ಮನೆಮನೆಗಳ ಹೂಕುಂಡದ ತಟ್ಟೆ, ಒಡೆದ ಟೈರು, ಸಂಪಿನ ಮುಚ್ಚಳ, ಎಲ್ಲ ಕಡೆಯಿಂದಲೂ ನೀರು ತಂದರು. ಗಾಜಿನ ಸೀಸೆಗಳಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಕಿಟಕಿಯಲ್ಲಿಟ್ಟೆವು. ಕೆಲವು ಹುಳಗಳು ಬಾಲವನ್ನು ನೀರಿನ ಮೇಲ್ಮೈಗೆ ತಗುಲಿಸಿ ತಲೆಕೆಳಗಾಗಿ ನೇತಾಡುತ್ತವೆ. ಬಾಲದಲ್ಲಿರುವ ಕೊಳವೆಯಿಂದ ಅವು ಉಸಿರಾಡುತ್ತವೆ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಹುಳಕ್ಕೆ ಆ ಕೊಳವೆ ಇಲ್ಲ, ಅದು ನೀರಿನ ಮೇಲೆ ಚಾಪೆಯ ಹಾಗೆ ಚಪ್ಪಟೆ ಮಲಗುತ್ತದೆ. ಮಕ್ಕಳಿಗೆ ಸಿಕ್ಕಿದ್ದೆಲ್ಲ ನೇತಾಡುವವೇ. ಹಾಗಾದರೆ ಇವು ಯಾವ ಸೊಳ್ಳೆ? ಡೆಂಗಿಯದೋ, ಬರೀ ಕಚ್ಚುವುದೋ? ಅದನ್ನು ತಿಳಿಯಲು ಪುಸ್ತಕ ಬೇಕಾಯಿತು. ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ ಎನ್ನುತ್ತಿದ್ದ ಹುಡುಗರು ಗ್ರಂಥಾಲಯಕ್ಕೆ ಯಾವಾಗ ಕರಕೊಂಡು ಹೋಗ್ತೀರಿ ಸಾರ್ ಎಂದು ಗಂಟುಬಿದ್ದರು.

ಗ್ರಂಥಾಲಯದ ಮಾತಿಗೆ ಬರುವ ಮೊದಲು ಊರಿನ ಮಾತು ಸ್ವಲ್ಪ ಆಡಬೇಕು. ಬೆಂಗಳೂರು ಬಹುಕಾಲ ಎರಡು ಊರಾಗಿತ್ತು. ಪಡುವಲಿಗೆ ಪೇಟೆ, ಮೂಡಲಿಗೆ ದಂಡು, ನಡುವೆ ಕಬ್ಬನ್ ಪಾರ್ಕು. ದಂಡು ಮೈಸೂರು ಸರ್ಕಾರದ ಕೈಗೆ ಮರಳಿದ್ದೇ 1947ರ ಜುಲೈನಲ್ಲಿ. ಪುಸ್ತಕಗಳೂ ಹಾಗೆಯೇ ಎರಡು ಪಾಲಾಗಿದ್ದವು. 1868ರಲ್ಲಿ ದಂಡಿನಲ್ಲಿ ಹುಟ್ಟಿದ ಬೌರಿಂಗ್ ಇನ್‌ಸ್ಟಿಟ್ಯೂಟ್ ಸಾಹಿತ್ಯ ಮತ್ತು ವಿಜ್ಞಾನದ ಓದಿಗೆಂದೇ ಕಟ್ಟಿದ ಸಂಸ್ಥೆ. ಅದನ್ನು ಕಟ್ಟಿದವರು ನಮ್ಮ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್. 1896ರಲ್ಲಿ ಕುದುರೆ ಪಡೆಯೊಂದಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಇಲ್ಲಿನ ಮಧ್ಯಾಹ್ನಗಳಲ್ಲಿ ಡಾರ್ವಿನ್ನನ ಜೀವವಿಕಾಸದ ಪುಸ್ತಕ ಓದಿದ. ಅವನ ತಾಯಿ ಇಂಗ್ಲೆಂಡಿನಿಂದ ಪುಸ್ತಕದ ಕಟ್ಟುಗಳನ್ನು ಹಡಗಿನಲ್ಲಿ ಕಳಿಸುತ್ತಿದ್ದಳು. ಪಾರ್ಕಿನ ಆಚೆ ಬದಿಯಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದು ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ. ಅದು ಬಹಳ ದಿನ ನಡೆಯಲಿಲ್ಲ. ಆದರೆ ಕನ್ನಡದಲ್ಲಿ ವಿಜ್ಞಾನ ಹೇಳಬಹುದು ಎನ್ನುವುದಕ್ಕೆ ಅಲ್ಲಿಂದ ಮುಂದೆ ಯಾರೂ ರುಜುವಾತು ಕೇಳುವ ಹಾಗಿರಲಿಲ್ಲ.

ನಮ್ಮ ಕಾಲಕ್ಕೂ ಈ ಎರಡು ಪಾಲು ಉಳಿದಿತ್ತು. ಎಂ.ಜಿ. ರಸ್ತೆಯ ಹಿಗಿನ್‌ಬಾಥಮ್ಸ್, ಶಾನಭಾಗರ ಪ್ರೀಮಿಯರ್, ಬ್ರಿಗೇಡ್ ರಸ್ತೆಯ ಸಂದಿಯಲ್ಲಿರುವ ಸೆಲೆಕ್ಟ್, ಈ ಅಂಗಡಿಗಳೆಲ್ಲ ನಮ್ಮ ಕಡೆ. ಅಲ್ಲಿ ಇಂಗ್ಲಿಷ್ ಪುಸ್ತಕ. ಸೆಲೆಕ್ಟಿಗೆ ಸರ್ ಸಿ.ವಿ. ರಾಮನ್ ಕೂಡ ಬರುತ್ತಿದ್ದರು. ಕನ್ನಡ ಪುಸ್ತಕ ಬೇಕೆಂದರೆ ಗಾಂಧಿನಗರ, ಅವೆನ್ಯೂ ರಸ್ತೆ, ಚಾಮರಾಜಪೇಟೆ. ಕೃಷ್ಣರಾಜಪುರದಿಂದ ಬಸ್ಸಿನಲ್ಲಿ ಹೋಗಿಬರಲು ಅರ್ಧ ದಿನ. ಎರಡರ ನಡುವೆ, ಕಬ್ಬನ್ ಪಾರ್ಕಿನಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ 1915ರಲ್ಲಿ ಕಟ್ಟಿದ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಎರಡು ಭಾಷೆಯೂ ಒಂದೇ ಸೂರಿನಡಿ ಸಿಗುವ ಜಾಗ ನಮಗೆ ಅದೊಂದೇ. ಈಗ ನೇರಳೆ ಮಾರ್ಗದ ಮೆಟ್ರೊ ಕೆ.ಆರ್. ಪುರದಿಂದ ಬೆನ್ನಿಗಾನಹಳ್ಳಿ, ಇಂದಿರಾನಗರ, ಹಲಸೂರು ದಾಟಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ತಂದುಬಿಡುತ್ತದೆ. 2023ರ ಅಕ್ಟೋಬರ್‌ನಲ್ಲಿ ಆ ಕೊಂಡಿ ಕೂಡಿದ ವಾರವೇ ನಾನು ಹಳೇ ದಾರಿಯನ್ನು ನೆನೆಯುತ್ತ ಹೋಗಿಬಂದೆ.

ಇನ್ನು ನನಗೆ ಬಹಳ ತಡವಾಗಿ ಹೊಳೆದ ಸಂಗತಿ. ಸೊಳ್ಳೆಯ ಬೆನ್ನು ಹತ್ತಿದ ಆ ಮಕ್ಕಳನ್ನು ಕೊನೆಗೆ ಒಂದು ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿ 'ವಿಜ್ಞಾನ' ಎಂದು ಬರೆದ ಕಪಾಟಿನ ತುಂಬ ಇದ್ದದ್ದು ಪ್ರವೇಶ ಪರೀಕ್ಷೆಯ ಗೈಡುಗಳು. ಮಕ್ಕಳ ಮುಖ ಬಾಡಿತು. ಕನ್ನಡದಲ್ಲಿ ವಿಜ್ಞಾನದ ಪುಸ್ತಕವೇ ಇಲ್ಲವೇನೋ ಅಂತ ಅನ್ನಿಸುವ ಹಾಗಿತ್ತು. ನಾನು ಸುಮ್ಮನೆ ಬೇರೆ ಕಪಾಟುಗಳ ಕಡೆ ತಿರುಗಿದೆ. ಸಾಹಿತ್ಯದ ಕಪಾಟಿನಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕಂಡಿತು. ಅದು ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಪುಸ್ತಕ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದರಿಂದ ಅದು ಸಾಹಿತ್ಯವಾಯಿತು. ಕಾದಂಬರಿಗಳ ನಡುವೆ ತೇಜಸ್ವಿಯವರ 'ಕರ್ವಾಲೋ'. ಒಂದು ಹಾರುವ ಓತಿಯ ಬೆನ್ನು ಹತ್ತುವ ಆ ಪುಸ್ತಕ ಓದಿ ಜೀವವಿಜ್ಞಾನ ಹಿಡಿದ ಮಕ್ಕಳನ್ನು ನಾನು ಬಲ್ಲೆ. ಮಹಿಳೆಯರ ಪುಸ್ತಕಗಳ ಸಾಲಿನಲ್ಲಿ ಅನುಪಮಾ ನಿರಂಜನರ 'ತಾಯಿ-ಮಗು'. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ತಮ್ಮ ಮೈಯ ಬಗ್ಗೆ ಓದಿದ ಮೊದಲ ವೈಜ್ಞಾನಿಕ ಮಾತು ಅದರಲ್ಲಿರುವುದು. ಜೀವನಚರಿತ್ರೆಗಳಲ್ಲಿ ನೇಮಿಚಂದ್ರ ಅವರು ಬರೆದ ಮೇರಿ ಕ್ಯೂರಿ. ಪ್ರಬಂಧಗಳಲ್ಲಿ ನಾಗೇಶ ಹೆಗಡೆ. ಮಕ್ಕಳ ಪುಸ್ತಕಗಳ ಕೆಳಗಿನ ಹಲಗೆಯಲ್ಲಿ, ದೂಳಿನಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದ ಹಳೇ ಸಂಚಿಕೆಗಳ ಕಟ್ಟು. ಮೂಲೆಯಲ್ಲಿ ಕಾರಂತರ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳಲ್ಲಿ ಮೂರು.

ಕೇಳುಗರೇ, ಇದನ್ನು ನಾನು ಒತ್ತಿ ಹೇಳಬೇಕು. ಕನ್ನಡದ ಒಳ್ಳೆಯ ವಿಜ್ಞಾನ ಪುಸ್ತಕಗಳು ಬಹಳಷ್ಟು ವಿಜ್ಞಾನದ ಕಪಾಟಿನಲ್ಲಿ ಇರುವುದಿಲ್ಲ. ನಮ್ಮಲ್ಲಿ ವಿಜ್ಞಾನವನ್ನು ಬರೆದವರು ಕತೆಗಾರರು, ವೈದ್ಯರು, ಪತ್ರಕರ್ತರು, ಕಾಡು ಸುತ್ತುವವರು, ಕಾರ್ಖಾನೆಯಲ್ಲಿ ದುಡಿದವರು. ನೇಮಿಚಂದ್ರ ನಮ್ಮ ಪೂರ್ವ ಭಾಗದ ಎಚ್‌ಎಎಲ್‌ನಲ್ಲಿಯೇ ಎಂಜಿನಿಯರ್ ಆಗಿದ್ದವರು. ಹಗಲು ವಿಮಾನದ ವಿನ್ಯಾಸ, ಬಿಡುವಿನಲ್ಲಿ ಮಹಿಳಾ ವಿಜ್ಞಾನಿಗಳ ಬದುಕಿನ ಬರವಣಿಗೆ. ಅಂಥವರ ಪುಸ್ತಕವನ್ನು ಗ್ರಂಥಾಲಯದ ಚೀಟಿ ಯಾವುದೋ ಒಂದು ಗೂಡಿಗೆ ಸೇರಿಸಲೇಬೇಕು, ಸೇರಿಸುತ್ತದೆ. ಗೂಡುಗಳ ಆಚೆಗೆ ಹುಡುಕುವುದು ಓದುಗನ ಕೆಲಸ.

ಹಾಗೆ ನೋಡಿದರೆ ಗೂಡುಗಳ ಬಗ್ಗೆ ಜಗತ್ತೇ ಕಿವಿಗೊಟ್ಟು ಕೇಳಿದ ಮನುಷ್ಯ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. 1962ರಲ್ಲಿ ಈ ಊರಿನಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿಗೆಂದು ಒಂದು ಕೇಂದ್ರ ತೆರೆದರು. ಓದುಗನಿಗೆ ಅವನಿಗೆ ತಕ್ಕ ಪುಸ್ತಕ ಸಿಗಬೇಕು ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಅದು ಕಪಾಟಿನಲ್ಲಿ ಕಾಯುತ್ತ ಕೂತಿದೆ ಎಂಬುದನ್ನು ಸೂತ್ರವಾಗಿ ಹೇಳಿದವರು ರಂಗನಾಥನ್. ದೂಳಿನ 'ಬಾಲವಿಜ್ಞಾನ'ದ ಕಟ್ಟು ಬಿಚ್ಚುವಾಗ ನನಗೆ ಅವರ ನೆನಪಾಗುತ್ತದೆ. ಆ ದಿನ ಒಬ್ಬ ಹುಡುಗಿ ಆ ಕಟ್ಟಿನಲ್ಲೇ ಸೊಳ್ಳೆಯ ಮೇಲಿನ ಲೇಖನ ಹುಡುಕಿ ತೆಗೆದಳು.

ಪುಸ್ತಕ ಕೈಗೆ ಬಂದ ಮೇಲೆ ಕೊಳ್ಳಬೇಕೇ ಬೇಡವೇ? ನಾನು ಮೂರು ಪುಟ ನಿಂತು ಓದುತ್ತೇನೆ. ಹುಡುಕುವುದು ಒಂದನ್ನೇ. ಲೇಖಕರು ಏನು ಗೊತ್ತು ಎಂದಷ್ಟೇ ಹೇಳುತ್ತಾರೋ, ಹೇಗೆ ಗೊತ್ತಾಯಿತು ಎಂದೂ ಹೇಳುತ್ತಾರೋ? ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಇದು ಎಲ್ಲ ಗೈಡುಗಳಲ್ಲೂ ಇದೆ. ಆದರೆ 1676ರಲ್ಲಿ ಓಲೆ ರೋಮರ್ ಎಂಬುವನು ಗುರುಗ್ರಹದ ಒಂದು ಚಂದ್ರನಿಗೆ ಹಿಡಿಯುವ ಗ್ರಹಣ ಕೆಲವು ತಿಂಗಳು ಹೊತ್ತಿಗಿಂತ ಮೊದಲು, ಕೆಲವು ತಿಂಗಳು ತಡವಾಗಿ ಕಾಣುವುದನ್ನು ಗಮನಿಸಿದ. ಭೂಮಿ ಗುರುವಿನಿಂದ ದೂರ ಸರಿದಾಗ ಬೆಳಕು ಹೆಚ್ಚು ದಾರಿ ನಡೆಯಬೇಕು, ಅದಕ್ಕೇ ತಡ ಎಂದು ಲೆಕ್ಕ ಹಾಕಿದ. ಇದನ್ನು ಹೇಳುವ ಪುಸ್ತಕ ಓದಿದವನಿಗೆ ಅಂಕಿ ಮರೆತರೂ ಬೆಳಕಿಗೆ ವೇಗವಿದೆ ಎಂಬುದು ಮರೆಯುವುದಿಲ್ಲ. ಹೀಗೆ ಹೇಳಬಲ್ಲವರು ಕನ್ನಡದಲ್ಲಿ ಇದ್ದರು, ಇದ್ದಾರೆ. ಆಕಾಶದ ಬಗ್ಗೆ ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣ ರಾವ್, ವಿಜ್ಞಾನದ ಚರಿತ್ರೆಯ ಬಗ್ಗೆ ಜೆ.ಆರ್. ಲಕ್ಷ್ಮಣರಾವ್. ಇವರ ಹೆಸರು ರಟ್ಟಿನ ಮೇಲಿದ್ದರೆ ಮೂರು ಪುಟ ಓದುವುದಕ್ಕೂ ನಾನು ಕಾಯುವುದಿಲ್ಲ.

ಪುಸ್ತಕ ಹಳೆಯದು ಎನ್ನುವುದು ನನಗೆ ಅಡ್ಡಿಯಲ್ಲ. ಪ್ಲೂಟೊ ಒಂಬತ್ತನೇ ಗ್ರಹ ಎಂದು ಬರೆದ ಪುಸ್ತಕ 2006ಕ್ಕಿಂತ ಮೊದಲಿನದು ಎಂದು ಗುರುತು ಹಾಕಿಕೊಂಡರೆ ಆಯಿತು, ಉಳಿದ ಆಕಾಶ ಅಲ್ಲೇ ಇರುತ್ತದೆ. ಆದರೆ ಔಷಧಿ, ಆಹಾರ, ಕಂಪ್ಯೂಟರಿನ ವಿಷಯಕ್ಕೆ ಅಚ್ಚಾದ ವರ್ಷವನ್ನು ನೋಡದೆ ಕೊಳ್ಳಬೇಡಿ.

ಕೆಲವು ಪುಸ್ತಕಗಳು ನಮ್ಮ ಕಾಲಡಿಯ ನೆಲವನ್ನೇ ಹೊಸದಾಗಿ ತೋರಿಸುತ್ತವೆ. ಜಾನ್ ಕೀ ಬರೆದ 'ದಿ ಗ್ರೇಟ್ ಆರ್ಕ್' ಎಂಬ ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಬಂದದ್ದು ಚರ್ಚ್ ಸ್ಟ್ರೀಟಿನಲ್ಲಿ. ಭಾರತವನ್ನು ತ್ರಿಕೋನಗಳಲ್ಲಿ ಅಳೆದ ಕತೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಎಳೆದು ಒಂದು ಗೆರೆ ಅಳೆದ. ಆ ಗೆರೆಯ ಮೇಲೆ ತ್ರಿಕೋನ ಕಟ್ಟುತ್ತ ಕಟ್ಟುತ್ತ ಬೆಂಗಳೂರಿನವರೆಗೆ ಬಂದ. 1804ರಲ್ಲಿ ಇಲ್ಲಿ ಏಳು ಮೈಲಿಗೂ ಉದ್ದದ ಇನ್ನೊಂದು ಗೆರೆಯನ್ನು ನೆಲದ ಮೇಲೆ ಅಳೆದು, ಲೆಕ್ಕದಿಂದ ಬಂದ ಉದ್ದದ ಜೊತೆ ತಾಳೆ ನೋಡಿದ. ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಪುಸ್ತಕ ಮುಗಿಸಿದ ಮರುದಿನವೇ ನಾನು ಹೆಣ್ಣೂರು ರಸ್ತೆ ಹಿಡಿದು ಕಣ್ಣೂರು ಎಂಬ ಹಳ್ಳಿಗೆ ಹೋದೆ. ಆಮೇಲಿನವರು ಇದೇ ಅಳತೆಯನ್ನು ಮತ್ತೆ ಮಾಡಲು 1860ರ ದಶಕದಲ್ಲಿ ಬಳಸಿದ ವೀಕ್ಷಣಾ ಗೋಪುರ ಅಲ್ಲಿತ್ತು. ಗೋಡೆಗೆ ಕೈಯಿಟ್ಟು ನಿಂತೆ. ಸುತ್ತ ಸೈಟುಗಳ ಕಲ್ಲು ನೆಟ್ಟಿದ್ದರು. 2024ರಲ್ಲಿ ಆ ಗೋಪುರ ನೆಲಸಮವಾದ ಸುದ್ದಿ ಓದಿದ ದಿನ ನನಗೆ ಮನೆಯವರನ್ನು ಕಳೆದುಕೊಂಡಷ್ಟು ಸಂಕಟವಾಯಿತು. ಆ ಊರಿನ ಮಕ್ಕಳ ಕೈಗೆ ಆ ಗೋಪುರದ ಕತೆ ಹೇಳುವ ಮೂವತ್ತು ಪುಟದ ಒಂದು ಕನ್ನಡ ಪುಸ್ತಕ ಸಿಕ್ಕಿದ್ದಿದ್ದರೆ ಅದರ ಸುತ್ತ ಒಂದು ಬೇಲಿಯಾದರೂ ಬರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕೊನೆಗೆ ಒಂದು ಕೋರಿಕೆ. ಕಳೆದ ತಿಂಗಳು ಶಿವಾಜಿನಗರದ ಗುಜರಿ ಸಾಲಿನ ಹತ್ತಿರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಸ್ಕೂಟರ್ ರಿಪೇರಿ ಮಾಡುತ್ತಾನೆ. ಕೈ ಒರೆಸಿಕೊಂಡು ಬಂದು, ಚಹಾ ತರಿಸಿ, ಕೇಳಿದ: "ಸಾರ್, ಈಗೆಲ್ಲ ಎಲೆಕ್ಟ್ರಿಕ್ ಗಾಡಿಗಳೇ ಬರ್ತಾವೆ. ಈ ಲಿಥಿಯಂ ಬ್ಯಾಟರಿ ಒಳಗೆ ಏನಾಗುತ್ತೆ ಅಂತ ಕನ್ನಡದಲ್ಲಿ ಬರೆದಿರೋ ಪುಸ್ತಕ ಇದ್ಯಾ? ಫೋನಲ್ಲಿ ವಿಡಿಯೋ ನೋಡಿದೀನಿ. ಯಾವ ವೈರು ಎಲ್ಲಿಗೆ ಹಾಕಬೇಕು ಅಂತ ತೋರಿಸ್ತಾರೆ. ಯಾಕೆ ಅಂತ ಹೇಳಲ್ಲ."

ಅವನ ಕೈಯನ್ನೇ ನೋಡುತ್ತ ಕೂತೆ. ಅಪ್ಪನ ಕೈಯ ಹಾಗೇ ಉಗುರಿನ ಸಂದಿಯಲ್ಲಿ ಕಪ್ಪು. ಆ ಬ್ಯಾಟರಿ ಮಾಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಂದದ್ದನ್ನು ಹೇಳಿದೆ. ತುಂಬಿಸುವಾಗ ಲಿಥಿಯಂ ಒಂದು ಬದಿಯ ಪದರಗಳಿಂದ ಬಿಟ್ಟು ಇನ್ನೊಂದು ಬದಿಯ ಪದರಗಳೊಳಗೆ ಹೋಗಿ ಕೂರುತ್ತದೆ, ಗಾಡಿ ಓಡುವಾಗ ಅದೇ ದಾರಿಯಲ್ಲಿ ವಾಪಸು ಬರುತ್ತದೆ ಎಂದು ಚಹಾದ ಲೋಟಗಳನ್ನು ಅತ್ತಿತ್ತ ಇಟ್ಟು ತೋರಿಸಿದೆ. ಅವನಿಗೆ ಅಷ್ಟು ಸಾಲದು. ಬಿಸಿಯಾದರೆ ಯಾಕೆ ಉಬ್ಬುತ್ತೆ, ಚಳಿಯಲ್ಲಿ ಯಾಕೆ ಬೇಗ ಇಳಿಯುತ್ತೆ, ಎಲ್ಲ ಬೇಕು. ಅವತ್ತಿನಿಂದ ಹುಡುಕುತ್ತಿದ್ದೇನೆ. ಪತ್ರಿಕೆಗಳ ವಿಜ್ಞಾನ ಪುಟದ ಕೆಲವು ತುಣುಕು ಕತ್ತರಿಸಿ ಕೊಟ್ಟಿದ್ದೇನೆ, ಇಂಗ್ಲಿಷಿನ ಒಂದು ಪುಸ್ತಕದಿಂದ ಹತ್ತು ಪುಟ ಕನ್ನಡ ಮಾಡಿ ಬರೆದು ಕೊಟ್ಟಿದ್ದೇನೆ. ಅವನು ಕೇಳಿದ ಪುಸ್ತಕ ನನಗಿನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರ ಕಪಾಟಿನಲ್ಲಾದರೂ ಇದ್ದರೆ ಆಕಾಶವಾಣಿಗೆ ಒಂದು ಕಾರ್ಡು ಬರೆದು ತಿಳಿಸಿ. ಬ್ಯಾಟರಿಯನ್ನು ಬಲ್ಲವರು ಯಾರಾದರೂ ಬರೆಯಲು ಕೂರುವುದಾದರೆ, ಅದರ ಮೊದಲ ಓದುಗನ ಅಂಗಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.